ಹೋಳಿಗೆ ಊಟ ಮಾಡಿದೆ, ವೋಟು ಹೋಯ್ತು

ಮಾನ್ಯ ಸಂಪಾದಕರೇ,

ನಾನೊಂದು ಗೃಹ ನಿರ್ಮಾಣ ಸಹಕಾರ ಸಂಘದ ಹಳೇ ಸದಸ್ಯ, ಸೈಟ್ ಸಿಕ್ಕು ಮನೆ ಕಟ್ಟಿ ಈಗ ರಿಟೈರೂ ಆಗಿದೀನಿ. ಹೋದ ಸಲ ನಮ್ಮ ಸೊಸೈಟಿ ಎಲೆಕ್ಷನ್ ಬಂದಾಗ ಆಫೀಸ್ ಬೋರ್ಡಿಗೆ ಎರಡು ಪಟ್ಟಿ ಅಂಟಿಸಿದ್ರು, ಒಂದು ಅರ್ಹ ಮತದಾರರದ್ದು ಇನ್ನೊಂದು ಅನರ್ಹರದ್ದು. ನನ್ನ ಹೆಸರು ಎರಡನೇದ್ರಲ್ಲಿ! ಕಾರಣ: 'ಮಹಾಸಭೆಗೆ ಗೈರು'.

ನಮ್ಮ ರಾಜ್ಯದ 1959ರ ಸಹಕಾರ ಸಂಘಗಳ ಕಾಯ್ದೇಲಿ ಹಿಂದಿನ ಐದು ವರ್ಷದ ಮಹಾಸಭೆಗಳಲ್ಲಿ ಇಂತಿಷ್ಟಕ್ಕಾದ್ರೂ ಬಂದಿರಬೇಕು ಅಂತ ರೂಲಿದೆ, ರೂಲ್ ಮೇಲೆ ನನಗೆ ತಕರಾರಿಲ್ಲ, ಸಭೆಗೇ ಬರದೋರು ವೋಟಿಗೆ ಮಾತ್ರ ಯಾಕೆ ಬರಬೇಕು. ಆದ್ರೆ ನಾನು ಹೋಗಿದ್ದೆ ಸ್ವಾಮಿ! ಛತ್ರದ ಬಾಗಿಲಲ್ಲಿ ಉದ್ದದ ಹಾಜರಿ ಪುಸ್ತಕ, ದಾರ ಕಟ್ಟಿದ ಪೆನ್ನು, ಹಿಂದೆ ನೂರು ಜನರ ನೂಕಾಟ, ಕ್ಲರ್ಕ್ ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕ್ದೆ, ಊಟದ ಟೋಕನ್ ಇಸ್ಕೊಂಡು ಹೋಳಿಗೆ ತಿಂದು ಬಂದೆ. ಆಮೇಲೆ ಜಗಳ ಮಾಡಿ ಪುಸ್ತಕ ತೆಗೆಸಿ ನೋಡಿದ್ರೆ ನನ್ನ ಸಹಿ ನನ್ನ ಸದಸ್ಯತ್ವ ಸಂಖ್ಯೆ 471ರ ಬದಲು 417ರ ಮುಂದೆ ಕೂತಿದೆ. 417ರ ಮಹಾನುಭಾವರು ಮಗನ ಮನೆ ಅಂತ ಅಮೆರಿಕ ಸೇರಿ ಎಷ್ಟೋ ವರ್ಷ ಆಯ್ತು, ಅವರು ನನ್ನ ಪುಣ್ಯದಿಂದ ಅರ್ಹರು!

ಬೇಕಂತಲೇ ಮಾಡಿದ್ರು ಅಂತ ಹೇಳ್ತಿಲ್ಲ. ಆದ್ರೆ ಆ ಪುಸ್ತಕ ಐದು ವರ್ಷವೂ ಇರೋದು ಯಾರ ಬೀರುವಿನಲ್ಲಿ? ಮತ್ತೆ ಎಲೆಕ್ಷನ್‌ಗೆ ನಿಲ್ಲೋ ಅದೇ ಆಡಳಿತ ಮಂಡಳಿಯವರ ಬೀರುವಿನಲ್ಲಿ. ಸಹಕಾರ ಚುನಾವಣಾ ಪ್ರಾಧಿಕಾರ ಇದೆ, ರಿಟರ್ನಿಂಗ್ ಆಫೀಸರ್ ಬರ್ತಾರೆ, ನಾಮಪತ್ರ, ಚಿಹ್ನೆ, ಮತಪೆಟ್ಟಿಗೆ ಎಲ್ಲ ಅಚ್ಚುಕಟ್ಟು, ಆದ್ರೆ ಅವರ ಕೈಗೆ ಬರೋ ಪಟ್ಟಿ ಹುಟ್ಟೋದೇ ಆ ಪುಸ್ತಕದಿಂದ. ಎಷ್ಟೋ ಕಡೆ ಅನರ್ಹರಾದೋರು ಹೈಕೋರ್ಟಿಗೆ ಹೋಗಿ ಮಧ್ಯಂತರ ಆದೇಶ ತಂದು ವೋಟ್ ಹಾಕ್ತಾರೆ, ಆ ಓಟುಗಳನ್ನ ಬೇರೆ ಪೆಟ್ಟಿಗೇಲಿಟ್ಟು ರಿಸಲ್ಟೇ ತಡೆದಿಡ್ತಾರೆ. ಪೆನ್ಷನ್ ದುಡ್ಡಲ್ಲಿ ಲಾಯರ್ ಫೀಸ್ ಕೊಡೋಕೆ ನನ್ನಂಥೋರಿಂದ ಆಗುತ್ತಾ?

ಒಬ್ಬ ಸದಸ್ಯನಿಗೆ ಒಂದೇ ವೋಟು, ಷೇರು ಎಷ್ಟಿದ್ರೂ ಅಷ್ಟೇ, ಬೇರೆಯವರ ಪರವಾಗಿ ಹಾಕೋ ಹಾಗೂ ಇಲ್ಲ, ಇದು ಸಹಕಾರದ ಚೆಂದ. ಆದ್ರೆ ಮಂಡಳಿಯಲ್ಲಿ ನಿರ್ದೇಶಕರ ಸಾಮಾನ್ಯ (ಮೀಸಲಿಲ್ಲದ) ಸ್ಥಾನ ಎಷ್ಟಿವೆಯೋ ಅಷ್ಟು ಗುರುತು ಒತ್ತಬಹುದಲ್ಲ, ಅದಕ್ಕೇ ಗುಂಪು ಕಟ್ಕೊಂಡು ಒಟ್ಟಿಗೆ ನಿಲ್ಲೋ ಈ ಪ್ಯಾನೆಲ್ ರಾಜಕೀಯ. ಗೇಟಿನ ಹೊರಗೆ ಕ್ರಮಸಂಖ್ಯೆ ಬರೆದ ಚೀಟಿ ಕೈಗಿಡ್ತಾರೆ, ಜನ ಅದನ್ನೇ ನೋಡ್ಕೊಂಡು ಒತ್ತಿ ಬರ್ತಾರೆ. ಇನ್ನೂರು ಮುನ್ನೂರು ಜನರನ್ನ ಪಟ್ಟಿಯಿಂದ ಹೊರಗಿಟ್ರೆ ಇಡೀ ಪ್ಯಾನೆಲ್ ಆಚೆ ಈಚೆ ಆಗುತ್ತೆ. ಅಧ್ಯಕ್ಷರನ್ನಂತೂ ನಾವು ಆರಿಸೋದೇ ಇಲ್ಲ, ಗೆದ್ದ ನಿರ್ದೇಶಕರು ಒಳಗೆ ಕೂತು ಆರಿಸ್ಕೊಳ್ತಾರೆ.

ಸೊಸೈಟಿ ಎಲೆಕ್ಷನ್ ತಾನೇ ಬಿಡಿ ಅನ್ನೋರಿಗೆ ಹಳೇದೊಂದು ನೆನಪಿಸ್ತೀನಿ. 80ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಗೃಹ ನಿರ್ಮಾಣ ಸಂಘಗಳು ಜಮೀನು ಮಾಡಿಸೋಕೆ ಮಧ್ಯವರ್ತಿಗಳ ಜತೆ ಅಗ್ರಿಮೆಂಟ್ ಮಾಡ್ಕೊಂಡಿದ್ದು, ಅದರ ಬಗ್ಗೆ ವಿಚಾರಣೆ ಮಾಡಿದ ಜಿ.ವಿ.ಕೆ. ರಾವ್ ಅವರ ವರದಿ ಬಂದಿದ್ದು, ಕೊನೆಗೆ ಎಚ್‌ಎಂಟಿ ನೌಕರರ ಗೃಹ ನಿರ್ಮಾಣ ಸಂಘಕ್ಕೆ ಮಾಡಿದ ಭೂಸ್ವಾಧೀನವನ್ನ ಹೈಕೋರ್ಟ್ ರದ್ದು ಮಾಡಿದ್ದನ್ನ 1995ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿದ್ದು. ಸಹಿ ಮಾಡೋದು ಮಂಡಳಿ, ಸೈಟಿಗೆ ದುಡ್ಡು ಕಟ್ಟಿ ಕಾಯೋದು ಸದಸ್ಯ.

ಸಹಕಾರ ಇಲಾಖೆಯೋರು ದೊಡ್ಡದೇನೂ ಮಾಡೋದು ಬೇಡ. ಸಭೆ ಮುಗಿದ ಸಂಜೆ 'ನಿಮ್ಮ ಹಾಜರಿ ದಾಖಲಾಗಿದೆ' ಅಂತ ಹಾಜರಿ ಬಿದ್ದ ಎಲ್ಲ ಸದಸ್ಯರ ಮೊಬೈಲಿಗೆ ಒಂದು ಮೆಸೇಜ್, ಹಾಜರಿ ಪುಸ್ತಕದ ಸ್ಕ್ಯಾನ್ ಕಾಪಿ ಒಂದು ವಾರದಲ್ಲಿ ಸಹಕಾರ ಸಂಘಗಳ ರಿಜಿಸ್ಟ್ರಾರ್ ಆಫೀಸಿಗೆ, ಅಷ್ಟು ಕಡ್ಡಾಯ ಮಾಡ್ಲಿ. ಗ್ಯಾಸ್ ಸಿಲಿಂಡರ್ ಬುಕ್ ಮಾಡಿದ್ರೆ ಮೆಸೇಜ್ ಬರುತ್ತೆ, ಇದಕ್ಕೆ ಯಾಕಾಗಲ್ಲ?

ಈ ವರ್ಷದ ಮಹಾಸಭೇಲಿ ನಾನು 471 ಹುಡುಕಿ, ಪಕ್ಕದಲ್ಲಿ ಹೆಸರು ಓದಿ, ಸಹಿ ಹಾಕಿ ಆ ಸಾಲಿನ ಫೋಟೋ ಹೊಡ್ಕೊಂಡೆ. ಕ್ಲರ್ಕ್ 'ಏನ್ ಸಾರ್, ನಮ್ಮ ಮೇಲೆ ಇಷ್ಟೂ ನಂಬಿಕೆ ಇಲ್ವಾ' ಅಂದ್ರು. ಹಿಂದೆ ನಿಂತಿದ್ದೋರೂ ಮೊಬೈಲ್ ತೆಗೆದ್ರು.

— ಸದಸ್ಯತ್ವ ಸಂಖ್ಯೆ 471, ಮೈಸೂರು