ಹಿತ್ತಲ ಬೇಲಿ ಕೆಲಸ ಇನ್ನು ಮಳೆಗೆ ಮೊದಲೇ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯರೆ, ನಮಸ್ಕಾರ.

ಈ ವರ್ಷದಿಂದ ನಮ್ಮ ಸಹಕಾರಿಯ ಬೇಲಿ ಕೆಲಸದಲ್ಲಿ ಎರಡು ಬದಲಾವಣೆ ಮಾಡಿದ್ದೇವೆ. ಹೊಸ ಕಂಬ ಹುಗಿಯುವ ಕೆಲಸವನ್ನು ಮೇ 31ಕ್ಕೆ ನಿಲ್ಲಿಸಿ, ದೀಪಾವಳಿ ಕಳೆದ ಮೇಲೆ ಮತ್ತೆ ಶುರು ಮಾಡುತ್ತೇವೆ. ಅಕೇಶಿಯಾ ಗೂಟದ ಬೇಲಿ ಇನ್ನು ಮಾಡುವುದಿಲ್ಲ. ಅದರ ಬದಲು ಕಲ್ಲುಕಂಬ, ಸಿಮೆಂಟ್ ಕಂಬ ಅಥವಾ ಜೀವಂತ ಬೇಲಿ. ಇಷ್ಟು ತಿಳಿದರೆ ಸಾಕು ಅನ್ನುವವರು ದರಪಟ್ಟಿ ನೋಡಿ ಪತ್ರ ಮಡಚಿಡಬಹುದು. ಯಾಕೆ ಹೀಗೆ ಎಂದು ಕೇಳುವವರಿಗಾಗಿ ಮುಂದಿನ ಮಾತು.

ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಬೇಲಿ ನೆನಪಾಗುವುದೇ ಅದು ಮಲಗಿದ ಮೇಲೆ. ಆರಿದ್ರಾ ಮಳೆಯ ಗಾಳಿಗೆ ಎರಡು ಕಂಬ ವಾಲುತ್ತವೆ, ಪುನರ್ವಸುವಿಗೆ ಪಕ್ಕದ ಮನೆಯ ದನ ಬಸಳೆ ಚಪ್ಪರಕ್ಕೆ ಬರುತ್ತದೆ, ಆಗ ಫೋನು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ದಿನಗಳಲ್ಲಿ ತೋಡಿದ ಗುಂಡಿ ಅರ್ಧ ಗಂಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಅದರೊಳಗೆ ಕಂಬ ಹುಗಿಯುವುದೆಂದರೆ ಪಾಯಸದಲ್ಲಿ ಸೌಟು ನೆಟ್ಟಗೆ ನಿಲ್ಲಿಸಿದ ಹಾಗೆ. ಹೇಗೋ ಕಲ್ಲು ತುರುಕಿ ನಿಲ್ಲಿಸಿದರೂ ಕಾರ್ತಿಕದ ಬಿಸಿಲಿಗೆ ಕೆಸರು ಒಣಗಿ ಕುಗ್ಗಿ, ಬುಡದ ಸುತ್ತ ಬಿರುಕು ಬಿಟ್ಟು, ಕಂಬ ಮತ್ತೆ ಅಲ್ಲಾಡುತ್ತದೆ. ಒಂದೇ ಕೆಲಸಕ್ಕೆ ನೀವು ಎರಡು ಸಲ ಹಣ ಕೊಡುವುದು ನಮಗೆ ಸರಿ ಕಾಣುವುದಿಲ್ಲ. ಆಳುಗಳ ಮಾತೂ ಇದೆ. ನಮ್ಮಲ್ಲಿ ಕಂಬ ಹೊರುವವರೇ ಆ ತಿಂಗಳುಗಳಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯಲು, ನಾಟಿಗೆ ಹೋಗುತ್ತಾರೆ. ಅವರನ್ನು ಅಲ್ಲಿಂದ ಎಳೆದು ತರುವುದು ಯಾರಿಗೂ ಒಳ್ಳೆಯದಲ್ಲ.

ಅಕೇಶಿಯಾ ಬಿಟ್ಟದ್ದಕ್ಕೆ ಕೆಲವರಿಗೆ ಬೇಸರವಾಗಬಹುದು. ಅಗ್ಗ, ಹತ್ತಿರದಲ್ಲೇ ಸಿಗುತ್ತದೆ, ಹೊರುವುದು ಸುಲಭ, ಎಲ್ಲ ನಿಜ. ಆದರೆ ಈಗ ಬರುತ್ತಿರುವ ಗೂಟ ಎಳೆಯ ಮರದ್ದು; ಕೆಚ್ಚು ಕಡಿಮೆ, ಸುತ್ತಲಿನ ಬಿಳಿ ಭಾಗವೇ ಜಾಸ್ತಿ. ಕೊಳೆಯುವುದು ಆ ಬಿಳಿ ಭಾಗ. ಕೊಳೆಯುವ ಜಾಗವನ್ನೂ ಗಮನಿಸಿ: ಆಳದಲ್ಲಿ ಹೂತ ತುದಿ ಎಷ್ಟೋ ಸಲ ಗಟ್ಟಿಯಾಗೇ ಇರುತ್ತದೆ, ಗಾಳಿಗೆ ನಿಂತ ಮೇಲ್ಭಾಗವೂ ಸರಿಯಾಗಿರುತ್ತದೆ. ನೆಲಮಟ್ಟದಲ್ಲಿ, ಒಂದು ಗೇಣು ಮೇಲೆ ಕೆಳಗೆ, ಗಾಳಿ ಮತ್ತು ತೇವ ಎರಡೂ ಸಿಗುವ ಕಡೆ ಬೂಸು ಮರವನ್ನು ತಿನ್ನುತ್ತದೆ. ಉಳಿದದ್ದನ್ನು ಗೆದ್ದಲು ನೋಡಿಕೊಳ್ಳುತ್ತದೆ. ಗೂಟದ ಸುತ್ತ ಸಿಮೆಂಟ್ ಹಾಕಿಸಿದರೆ ಗಟ್ಟಿ ಎಂಬ ನಂಬಿಕೆ ಬಹಳ ಜನಕ್ಕಿದೆ. ಮರ ಒಣಗಿ ಕುಗ್ಗಿದಾಗ ನಡುವೆ ಸಂದು ಬೀಳುತ್ತದೆ, ಮಳೆನೀರು ಅಲ್ಲಿ ಇಳಿದು ನಿಲ್ಲುತ್ತದೆ, ಗೂಟ ಇನ್ನೂ ಬೇಗ ಹೋಗುತ್ತದೆ.

ಈಗಾಗಲೇ ಮರದ ಗೂಟದ ಬೇಲಿ ಇರುವವರು ಗಾಬರಿಯಾಗಬೇಕಿಲ್ಲ, ಅದರ ರಿಪೇರಿಯನ್ನು ನಾವು ಬಿಡುವುದಿಲ್ಲ. ಏಪ್ರಿಲ್ ಮುಗಿಯುವುದರೊಳಗೆ ಪ್ರತಿ ಗೂಟದ ಬುಡದ ಮಣ್ಣನ್ನು ಸ್ವಲ್ಪ ಸರಿಸಿ, ಕತ್ತಿಯ ಮೊನೆಯಿಂದ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಇಳಿದರೆ ಆ ಗೂಟಕ್ಕೆ ಇನ್ನೊಂದು ಮಳೆಗಾಲ ಇಲ್ಲ. ಬುಡಕ್ಕೆ ವೇಸ್ಟ್ ಆಯಿಲ್ ಹಚ್ಚುವುದನ್ನು ಮಾತ್ರ ನಾವು ಪೂರ್ತಿ ನಿಲ್ಲಿಸಿದ್ದೇವೆ. ಹಿತ್ತಲಲ್ಲಿ ಬಾವಿ ಇರುತ್ತದೆ, ಸೊಪ್ಪು ತರಕಾರಿ ಇರುತ್ತದೆ. ಆ ಎಣ್ಣೆ ಮಳೆನೀರಿನ ಜೊತೆ ಎಲ್ಲಿಗೆ ಹೋಗುತ್ತದೆಂದು ಯೋಚಿಸಿದರೆ ಸಾಕು. ಕೇಳಿದವರಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿಕೊಡುತ್ತೇವೆ. ಅದು ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಹಾಗಾಗಿ ಒಣಗುವವರೆಗೆ ಮಕ್ಕಳು, ದನಕರು ಆ ಕಡೆ ಹೋಗದಂತೆ ನೋಡಿಕೊಳ್ಳಬೇಕು.

ಹೊಸ ಬೇಲಿಗೆ ಏಳು ಅಡಿಯ ಕಂಬ, ಎರಡು ಅಡಿ ನೆಲದೊಳಗೆ, ಎಂಟರಿಂದ ಹತ್ತು ಅಡಿಗೊಂದು. ಮೂಲೆಯ ಕಂಬ ಮತ್ತು ದಣಪೆಯ (ಬೇಲಿಯಲ್ಲಿ ಓಡಾಡುವ ಬಾಗಿಲಿನ) ಕಂಬಕ್ಕೆ ಓರೆಯಾಗಿ ಇನ್ನೊಂದು ಕಂಬದ ಆಸರೆ ಕೊಟ್ಟೇ ಕೊಡುತ್ತೇವೆ, ಬೇಡ ಅಂದರೂ ಬಿಡುವುದಿಲ್ಲ. ತಂತಿಯ ಎಳೆತವೆಲ್ಲ ಬೀಳುವುದು ಅಲ್ಲಿ. ಮೂಲೆ ವಾಲಿತೆಂದರೆ ಇಡೀ ಸಾಲಿನ ತಂತಿ ಜೋಲುತ್ತದೆ. ಮುಳ್ಳುತಂತಿ ಸತು ಲೇಪನದ್ದೇ ಬೇಕು. ಸತು ತಾನು ಸವೆಯುತ್ತಾ ಒಳಗಿನ ಕಬ್ಬಿಣವನ್ನು ಕಾಯುತ್ತದೆ, ಲೇಪನ ತೆಳುವಾದಷ್ಟೂ ತುಕ್ಕು ಬೇಗ. ಪೇಟೆಯಿಂದ ನೀವೇ ತರುವುದಾದರೆ ಐಎಸ್ 278 (ಸತು ಲೇಪಿತ ಮುಳ್ಳುತಂತಿಯ ಭಾರತೀಯ ಮಾನದಂಡ) ಗುರುತು ನೋಡಿ ತನ್ನಿ. ಕಂಬ ಉಳಿಸಲು ತಂತಿಯನ್ನು ಹಲಸಿಗೋ ಅಡಿಕೆ ಮರಕ್ಕೋ ಮೊಳೆ ಹೊಡೆದು ಬಿಗಿಯಲು ಹೇಳುತ್ತೀರಿ. ಅದನ್ನು ಮಾಡುವುದಿಲ್ಲ. ಗಾಯದಿಂದ ಮರ ಹಾಳು, ಹಲಸು ಬೆಳೆದು ನುಂಗಿದ ತಂತಿಯನ್ನು ಆಮೇಲೆ ಬಿಡಿಸಲೂ ಆಗದು.

ನಮ್ಮನ್ನು ಕೇಳಿದರೆ, ಹಿತ್ತಲಿಗೆ ಎಲ್ಲಕ್ಕಿಂತ ಒಳ್ಳೆಯದು ಜೀವಂತ ಬೇಲಿ. ನಮಗೆ ಅದರಲ್ಲಿ ಲಾಭ ಕಡಿಮೆ, ಆದರೂ ಹೇಳುತ್ತೇವೆ. ಗ್ಲಿರಿಸಿಡಿಯಾ ಅಂದರೆ ನಮ್ಮ ಗೊಬ್ಬರದ ಗಿಡ, ಲಕ್ಕಿ, ದಾಸವಾಳ, ಯಾವುದಾದರೂ ಆದೀತು. ಇದಕ್ಕೆ ಮಾತ್ರ ಮೇ 31ರ ಗಡುವಿಲ್ಲ. ನೆಲ ಚೆನ್ನಾಗಿ ನೆನೆದ ಮೇಲೆ, ಮೃಗಶಿರಾ ಮಳೆಯಲ್ಲಿ ಕೋಲು ಊರಿದರೆ ಚಿಗುರುತ್ತದೆ. ಗೊಬ್ಬರದ ಗಿಡದ ಸೊಪ್ಪು ತೋಟಕ್ಕೂ ಆಯಿತು. ಮೊದಲ ಎರಡು ವರ್ಷ ದನ ತಡೆಯಲು ಜೊತೆಗೆ ತಂತಿಯೋ ಮುಳ್ಳೋ ಬೇಕು. ಬೆಳೆದ ಬೇಲಿಯನ್ನು ಪ್ರತಿ ಮೇ ತಿಂಗಳಲ್ಲಿ ಎದೆಮಟ್ಟಕ್ಕೆ ಸವರಿ, ಇಲ್ಲದಿದ್ದರೆ ತಲೆಭಾರಕ್ಕೆ ಗಾಳಿ ಬುಡಸಮೇತ ಕೀಳುತ್ತದೆ.

ಕಾಡುಹಂದಿ ಕಾಟಕ್ಕೆ ಸೌರಬೇಲಿ ಹಾಕಿಸಿಕೊಂಡವರಿಗೆ ಒಂದು ಮಾತು. ಮಳೆಗಾಲದಲ್ಲಿ ಬಿಸಿಲು ಕಡಿಮೆ, ಹುಲ್ಲು ಜಾಸ್ತಿ. ಕೆಳಗಿನ ತಂತಿಗೆ ಒದ್ದೆ ಹುಲ್ಲು ತಾಗಿದಲ್ಲೆಲ್ಲ ಕರೆಂಟು ನೆಲಕ್ಕೆ ಸೋರಿ, ಬ್ಯಾಟರಿ ಬೇಗ ಇಳಿಯುತ್ತದೆ. ತಂತಿಯಡಿಯ ಹುಲ್ಲು ಆಗಾಗ ಸವರಬೇಕು, ಪ್ಯಾನೆಲ್ ಮೇಲಿನ ಪಾಚಿ ಒರೆಸಬೇಕು. ಬ್ಯಾಟರಿ ಸತ್ತಿತೆಂದು ಮನೆಯ ಲೈನಿನಿಂದ ಬೇಲಿಗೆ ನೇರ ಕರೆಂಟ್ ಕೊಡುವುದು ಅಪರಾಧ. ಅದರಲ್ಲಿ ಹಂದಿಯಷ್ಟೇ ಅಲ್ಲ, ಮನುಷ್ಯರೂ ಸತ್ತಿದ್ದಾರೆ. ಹಾಗೆ ಜೋಡಿಸಿದ್ದು ಕಂಡರೆ ನಮ್ಮ ಹುಡುಗರು ಆ ಬೇಲಿಯನ್ನು ಮುಟ್ಟದೆ ವಾಪಸ್ ಬರುತ್ತಾರೆ.

ಮಳೆಗಾಲದಲ್ಲಿ ಮರ ಬಿದ್ದು ಬೇಲಿ ಮುರಿದರೆ ಕರೆಯಿರಿ, ತಂತಿ ಎಳೆದು ತಾತ್ಕಾಲಿಕವಾಗಿ ಕಟ್ಟಿಕೊಡುತ್ತೇವೆ. ಕಂಬದ ಕೆಲಸ ಮಾತ್ರ ದೀಪಾವಳಿ ಆಚೆಗೆ.

ಹೆಸರು ಬರೆಸುವುದು ಯುಗಾದಿಯಿಂದ, ಮೊದಲು ಬಂದವರಿಗೆ ಮೊದಲು. ಬರುವಾಗ ಬೇಲಿಯ ಉದ್ದವನ್ನು ಹಗ್ಗದಲ್ಲಿ ಅಳೆದು ತನ್ನಿ, ಹೆಜ್ಜೆ ಲೆಕ್ಕ ಬೇಡ. ಮನೆ ಯಜಮಾನರ ಹೆಜ್ಜೆಗೂ ನಮ್ಮ ಟೇಪಿಗೂ ಯಾವತ್ತೂ ಹೊಂದಿಲ್ಲ. ಜಂಬಿಟ್ಟಿಗೆ ನೆಲವಾದರೆ ಮೊದಲೇ ತಿಳಿಸಿ, ಹಾರೆಯ ಕೆಲಸಕ್ಕೆ ಒಬ್ಬ ಆಳು ಹೆಚ್ಚು ಬೇಕು. ಗಡಿ ತಕರಾರಿದ್ದರೆ ಪಕ್ಕದ ಮನೆಯವರ ಹತ್ತಿರ ಮಾತಾಡಿ ಮುಗಿಸಿಕೊಂಡೇ ಕರೆಯಿರಿ.

ಕಚೇರಿ ಹಿಂದೆ ಉಳಿದಿರುವ ಅಕೇಶಿಯಾ ಗೂಟಗಳನ್ನು ಚಪ್ಪರಕ್ಕೋ ಸೌದೆಗೋ ಬೇಕಾದ ಸದಸ್ಯರು ಕೊಂಡ ಬೆಲೆಗೇ ಒಯ್ಯಬಹುದು. ಸಾಗಾಟ ನಿಮ್ಮದು.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ
(ದರಪಟ್ಟಿ ಲಗತ್ತಿಸಿದೆ)