ಹಸನ್‌ನ ಮೌನ ಕಾಡುತ್ತಿದೆ

ಮಾನ್ಯ ಸಂಪಾದಕರೇ,

ಖಾಲಿದ್ ಹೊಸೇನಿಯವರ ‘ದ ಕೈಟ್ ರನ್ನರ್’ (2003) ಕಾದಂಬರಿಯನ್ನು ಈಚೆಗೆ ಎರಡನೆಯ ಸಲ ಓದಿದೆ. ಮೊದಲ ಓದಿನಲ್ಲಿ ಅದನ್ನು ಯುದ್ಧದ ಕಥೆಯೆಂದುಕೊಂಡಿದ್ದೆ. ಸೋವಿಯತ್ ದಾಳಿ, ತಾಲಿಬಾನ್ ಆಳ್ವಿಕೆ ಅದರಲ್ಲಿವೆ, ನಿಜ. ಆದರೆ ಮಾಯದ ಗಾಯವಾಗುವುದು ಅದಕ್ಕೂ ಮುಂಚೆ, 1975ರ ಚಳಿಗಾಲದಲ್ಲಿ, ಕಾಬೂಲಿನ ಒಂದು ಓಣಿಯಲ್ಲಿ. ಗೆಳೆಯ ಅಮೀರ್‌ಗಾಗಿ ನೀಲಿ ಗಾಳಿಪಟ ಹಿಡಿಯಲು ಓಡಿದ, ಅವನ ಮನೆಯ ಆಳಿನ ಮಗ ಹಸನ್ ಮೇಲೆ ದೌರ್ಜನ್ಯ ನಡೆಯುತ್ತದೆ. ಅಮೀರ್ ಮರೆಯಲ್ಲಿ ನಿಂತು ನೋಡಿ ಸುಮ್ಮನಾಗುತ್ತಾನೆ.

ನನ್ನ ಕರುಳು ಹಿಂಡಿದ್ದು ಅದರ ಮುಂದಿನ ಭಾಗ. ಹಸನ್‌ನ ಮುಖ ನೋಡಲಾರದೆ ಅಮೀರ್ ಅವನ ಹಾಸಿಗೆಯಡಿ ಗಡಿಯಾರ, ಹಣ ಇಟ್ಟು ಕಳ್ಳತನ ಹೊರಿಸುತ್ತಾನೆ. ಹಸನ್ ಒಪ್ಪಿಕೊಂಡುಬಿಡುತ್ತಾನೆ! ದಾಳಿಂಬೆ ಮರದ ಕೆಳಗೆ ಪರ್ಷಿಯನ್ ಮಹಾಕಾವ್ಯ ‘ಶಾಹನಾಮೆ’ಯ ಕಥೆಗಳನ್ನು ಕೇಳುತ್ತಿದ್ದ, ಓದು ಬಾರದ, ಅಫ್ಗಾನಿಸ್ತಾನದ ಅಲ್ಪಸಂಖ್ಯಾತ ಹಜಾರಾ ಸಮುದಾಯದ ಆ ಹುಡುಗನಿಗೆ ಎಲ್ಲವೂ ತಿಳಿದಿತ್ತು. ವರ್ಷಗಳ ನಂತರ ಅಮೀರ್ ತಾಲಿಬಾನಿಗಳ ಕಾಬೂಲಿಗೆ ಮರಳಿ ಹಸನ್‌ನ ಮಗನನ್ನು ಕರೆತರುತ್ತಾನೆ. ಆ ಮಗುವಿನ ತುಟಿಯಂಚಿನ ಅರೆನಗು ಮಾತ್ರ ಅವನಿಗೆ ದಕ್ಕುತ್ತದೆ. ಲೇಖಕರು ಅದಕ್ಕಿಂತ ಹೆಚ್ಚು ಕೊಡದಿರುವುದೇ ಸರಿ.

ಹಜಾರಾ ಜನರ ಸಂಕಟ ಕಾದಂಬರಿಗೇ ಮುಗಿದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಕಾಬೂಲಿನ ದಶ್ತ್-ಎ-ಬರ್ಚಿಯ ಶಿಕ್ಷಣ ಕೇಂದ್ರದ ಮೇಲೆ ಬಾಂಬ್ ದಾಳಿಯಾದಾಗ ಬಲಿಯಾದವರಲ್ಲಿ ಹೆಚ್ಚಿನವರು ಆ ಸಮುದಾಯದ ಹೆಣ್ಣುಮಕ್ಕಳು. ಪರೀಕ್ಷೆ ಬರೆಯಲು ಕುಳಿತಿದ್ದವರು. ಅಫ್ಗಾನಿಸ್ತಾನದ ಸುದ್ದಿ ಪ್ರಕಟಿಸುವಾಗ ತಮ್ಮ ಪತ್ರಿಕೆ ಇವರ ಬದುಕಿಗೂ ಒಂದಿಷ್ಟು ಜಾಗ ಕೊಡಬೇಕೆಂದು ಕೋರುತ್ತೇನೆ.

– ಓದುಗ, ಧಾರವಾಡ