ಹತ್ತು ಜನರಿಗೆ ಪಡ್ಡು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಬರುವ ಭಾನುವಾರ ಹತ್ತು ಜನರನ್ನು ಮನೆಗೆ ಕರೆದಿದ್ದೇನೆ, ಎಲ್ಲವನ್ನೂ ಹೋಟೆಲಿನಿಂದ ತರಿಸಿಬಿಡಲಾ ಎಂದು ಕೇಳಿದ್ದೀಯ. ಬೇಡ ಕಣೋ. ತಿಂಗಳ ಕೊನೆ ಬೇರೆ. ಡಬ್ಬಿಯಲ್ಲಿ ಬಂದ ದೋಸೆ ಮನೆ ಸೇರುವಷ್ಟರಲ್ಲಿ ಮೆತ್ತಗಾಗಿರುತ್ತದೆ, ದುಡ್ಡು ಮಾತ್ರ ಗರಿಗರಿ ದೋಸೆಯದ್ದೇ. ಎಲ್ಲರಿಗೂ ಹತ್ತೂವರೆಗೆ ಬರಲು ಹೇಳು. ತಿಂಡಿ, ಊಟ ಎರಡೂ ಒಂದರಲ್ಲೇ ಮುಗಿಯುತ್ತದೆ.

ಪಡ್ಡು ಮಾಡು. ಒಂದೇ ಹಿಟ್ಟು, ಮೂರು ರುಚಿ.

ಶನಿವಾರ ಮಧ್ಯಾಹ್ನ ಒಂದು ಕೆಜಿ ದೋಸೆ ಅಕ್ಕಿ, ಕಾಲು ಕೆಜಿ ಉದ್ದಿನಬೇಳೆ, ಎರಡು ಚಮಚ ಮೆಂತ್ಯ ನೆನೆಹಾಕು. ರುಬ್ಬುವಾಗ ಎರಡು ಹಿಡಿ ನೆನೆದ ಅವಲಕ್ಕಿ ಸೇರಿಸು, ಪಡ್ಡು ಒಳಗೆ ಹತ್ತಿಯಂತೆ ಬರುತ್ತದೆ. ಹಿಟ್ಟು ದೋಸೆಯದ್ದಕ್ಕಿಂತ ತುಸು ಗಟ್ಟಿ ಇರಲಿ. ಪಾತ್ರೆ ಅರ್ಧ ಖಾಲಿ ಇರಬೇಕು, ಇಲ್ಲದಿದ್ದರೆ ಬೆಳಿಗ್ಗೆ ಕಟ್ಟೆಯೆಲ್ಲ ಹಿಟ್ಟು. ಬೆಂಗಳೂರಿನ ಈ ಚಳಿಗೆ ಹುಳಿ ಬರುವುದು ನಿಧಾನ. ಸಂಜೆ ಆರರೊಳಗೆ ರುಬ್ಬಿ ಮುಗಿಸು, ಪಾತ್ರೆಗೆ ದಪ್ಪ ಟವೆಲ್ ಸುತ್ತಿ ಒಲೆ ಪಕ್ಕ ಇಡು.

ಬೆಳಿಗ್ಗೆ ಹಿಟ್ಟನ್ನು ಮೂರು ಪಾತ್ರೆಗೆ ಹಂಚು. ಒಂದಕ್ಕೆ ಈರುಳ್ಳಿ, ಹಸಿಮೆಣಸು, ಕರಿಬೇವು, ಸಣ್ಣಗೆ ಹೆಚ್ಚಿದ ಕೊಬ್ಬರಿ ಚೂರು. ಎರಡನೆಯದಕ್ಕೆ ಬೇಯಿಸಿದ ಅವರೆಕಾಳು, ಸಬ್ಬಸಿಗೆ ಸೊಪ್ಪು. ಸೊಗಡಿನ ಅವರೆ ಸಿಗುವ ಕಾಲ ಇದು, ಈಗ ಹಾಕದೆ ಇನ್ಯಾವಾಗ ಹಾಕುತ್ತೀಯ? ನನ್ನ ಕೇಳಿದರೆ ಆ ದಿನ ಮೊದಲು ಖಾಲಿಯಾಗುವುದು ಇದೇ. ಮೂರನೆಯದು ಸಿಹಿ. ಬೆಲ್ಲ ಕರಗಿಸಿ, ಸೋಸಿ, ಆರಿದ ಮೇಲೆ ಹಾಕು. ಜೊತೆಗೆ ಏಲಕ್ಕಿ, ಕಾಯಿತುರಿ, ಕಿವುಚಿದ ಬಾಳೆಹಣ್ಣು. ಬೆಲ್ಲ ಬೇಗ ಸೀಯುತ್ತದೆ, ಉರಿ ಸಣ್ಣಗಿರಲಿ.

ಕಾಯಿ ತುಟ್ಟಿ ಎನಿಸಿದರೆ ಶೇಂಗಾ ಚಟ್ನಿ ಮಾಡು, ಪಡ್ಡಿಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಹೆಸರುಬೇಳೆ ಕೋಸಂಬರಿಗೆ ಉಪ್ಪು, ನಿಂಬೆರಸ ಬಡಿಸುವ ಮುಂಚೆ ಹಾಕು, ಮೊದಲೇ ಹಾಕಿದರೆ ನೀರು ಬಿಡುತ್ತದೆ. ಹಣ್ಣಿಗೆ ಸೀಬೆಕಾಯಿ ಸಾಕು, ಉಪ್ಪು ಖಾರದ ಪುಡಿ ಉದುರಿಸಿ. ಕಾಫಿಗೆ ಡಿಕಾಕ್ಷನ್ ಬೆಳಿಗ್ಗೆಯೇ ಇಳಿಸಿಟ್ಟಿರು.

ಇನ್ನು ನಾನು ನಿಜಕ್ಕೂ ಹೇಳಬೇಕೆಂದಿದ್ದ ಮಾತು. ಅತ್ತಿಗೆಯನ್ನು ಒಲೆ ಮುಂದೆ ನಿಲ್ಲಿಸಿ ನೀನು ಹಾಲ್‌ನಲ್ಲಿ ಹರಟೆ ಹೊಡೆಯಬೇಡ. ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಬಂದವರೆಲ್ಲ ಬಿಸಿಬಿಸಿ ತಿಂದು ಕೈ ತೊಳೆಯುತ್ತಾರೆ, ಮಾಡಿದವರು ಮಾತ್ರ ಕೊನೆಗೆ ತಣ್ಣಗಾದದ್ದನ್ನು ಒಬ್ಬರೇ ಕೂತು ತಿನ್ನುತ್ತಾರೆ. ನನಗೆ ಅದು ಸಹಿಸುವುದಿಲ್ಲ. ಬಂದವರನ್ನು ಅಡುಗೆಮನೆಗೇ ಕರೆದುಕೋ. ಎರಡು ಒಲೆ, ಎರಡು ಹಂಚು. ಯಾರಿಗೆ ಯಾವುದು ಬೇಕೋ ಅವರೇ ಹಂಚಿನ ಗುಳಿಗಳಿಗೆ ಹಿಟ್ಟು ಹುಯ್ಯಲಿ, ಎಣ್ಣೆ ಬಿಡಲಿ, ಕಡ್ಡಿಯಿಂದ ತಿರುವಿ ಹಾಕಲಿ. ಮಕ್ಕಳಂತೂ ಸಿಹಿ ಪಾತ್ರೆ ಬಿಟ್ಟು ಕದಲುವುದಿಲ್ಲ, ಬಿಸಿ ಹಂಚಿನ ಹತ್ತಿರ ದೊಡ್ಡವರೊಬ್ಬರು ಇರಲಿ ಅಷ್ಟೆ. ಹೊಸಬರ ನಡುವೆ ಮಾತೂ ಅಲ್ಲೇ ಸಲೀಸಾಗಿ ಶುರುವಾಗುತ್ತದೆ. ಸೋಫಾದ ಮೇಲೆ ತಟ್ಟೆ ಹಿಡಿದು ಕೂತಾಗ ಹಾಗೆ ಆಗುವುದಿಲ್ಲ ಅಲ್ವಾ?

ಒಂದು ಗಂಟೆ ಹೊತ್ತಿಗೆ ಮತ್ತೆ ಹಸಿವು ಎಂದವರಿಗೆ ಮೊಸರನ್ನ, ಉಪ್ಪಿನಕಾಯಿ ಇರಲಿ. ಮಿಕ್ಕ ಹಿಟ್ಟು ಸೋಮವಾರ ನಿಮ್ಮ ಉತ್ತಪ್ಪಕ್ಕಾಯಿತು.

ಹಂಚು ಕೊಳ್ಳಲು ಹೋಗಬೇಡ. ಹೊಸ ಕಬ್ಬಿಣದ ಹಂಚಿಗೆ ಎಣ್ಣೆ ಹಿಡಿಯುವ ತನಕ ಹಿಟ್ಟು ಅಂಟುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ಚೆನ್ನಾಗಿ ಪಳಗಿದವು ಎರಡಿವೆ, ಶನಿವಾರ ತಂದುಕೊಡುತ್ತೇನೆ. ಗ್ರೈಂಡರ್ ಕೂಡ ಬೇಕಾದರೆ ಮೊದಲೇ ಫೋನ್ ಮಾಡು, ಕಾರಿನಲ್ಲಿ ಹಾಕಿಕೊಂಡು ಬರುತ್ತೇನೆ.

ಇಂತಿ,
ನಿನ್ನ ಗೆಳೆಯ